ಶೇಕ್ಸ್‌ಪಿಯರ್ ಕಾಲದ ನಾಟಕ: ಪುಟದೊಳಗಿನ ರಂಗವನ್ನು ಓದುವುದು ಹೇಗೆ

ಕಾಲೇಜಿನಲ್ಲಿ ಮ್ಯಾಕ್‌ಬೆತ್ ಅಥವಾ ಹ್ಯಾಮ್ಲೆಟ್ ಪಠ್ಯವಾಗಿ ಕೈಗೆ ಬಂದಾಗ ಹೆಚ್ಚಿನವರು ಹಿಡಿಯುವ ದಾರಿ ಒಂದೇ. ಮೊದಲು ಸಾರಾಂಶ, ಆಮೇಲೆ ಪಾತ್ರಗಳ ಸ್ವಭಾವದ ಟಿಪ್ಪಣಿ, ಸಮಯ ಉಳಿದರೆ ಕೊನೆಗೆ ನಾಟಕ. ಹೀಗೆ ಓದಿದರೆ ಕಥೆ ತಿಳಿಯುತ್ತದೆ, ನಾಟಕ ಮಾತ್ರ ಕೈಗೆ ಸಿಗುವುದಿಲ್ಲ. ಭಾಷೆ ಹಳೆಯದು ಎಂಬುದು ತೊಡಕಿನ ಒಂದು ಪಾಲು ಅಷ್ಟೆ. ದೊಡ್ಡ ತೊಡಕು ಬೇರೆಯದು: ಆ ಮಾತುಗಳನ್ನು ಬರೆದದ್ದು ಓದುಗರಿಗಾಗಿ ಅಲ್ಲ. ನಿರ್ದಿಷ್ಟ ಅಳತೆಯ ಒಂದು ಕಟ್ಟೆಯ ಮೇಲೆ, ಹಾಡುಹಗಲಲ್ಲಿ, ಕಡಿಮೆ ತಾಲೀಮಿನಲ್ಲಿ ನಿಂತು ಮಾತಾಡಬೇಕಿದ್ದ ಹದಿನೈದರಷ್ಟು ನಟರಿಗಾಗಿ ಅವನ್ನು ಬರೆಯಲಾಗಿತ್ತು. ಆ ಕಟ್ಟೆ ಹೇಗಿತ್ತು, ನಟನ ಕೈಗೆ ಏನು ಬರುತ್ತಿತ್ತು, ಮುದ್ರಣಕ್ಕೆ ಏನು ಹೋಯಿತು ಎಂಬ ಮೂರು ಸಂಗತಿ ಗೊತ್ತಾದರೆ ಪುಟದ ಮೇಲೆ ಸತ್ತಂತೆ ಕಾಣುವ ಸಾಲುಗಳು ಕೆಲಸ ಮಾಡತೊಡಗುತ್ತವೆ.

ಇಲ್ಲಿ ಹೇಳುತ್ತಿರುವ ಕಾಲ ಸುಮಾರಾಗಿ 1576ರಿಂದ 1642ರವರೆಗಿನದು. 1576ರಲ್ಲಿ ಜೇಮ್ಸ್ ಬರ್ಬೇಜ್ ಲಂಡನ್ನಿನ ಶೋರ್‌ಡಿಚ್‌ನಲ್ಲಿ ‘ದ ಥಿಯೇಟರ್’ ಎಂಬ ನಾಟಕಶಾಲೆ ಕಟ್ಟಿಸಿದ. 1642ರಲ್ಲಿ ಪಾರ್ಲಿಮೆಂಟು ನಾಟಕಶಾಲೆಗಳನ್ನು ಮುಚ್ಚಿಸಿತು. ಮಾರ್ಲೋ, ಶೇಕ್ಸ್‌ಪಿಯರ್, ಬೆನ್ ಜಾನ್ಸನ್, ವೆಬ್‌ಸ್ಟರ್ ಎಲ್ಲರೂ ಈ ಅರವತ್ತಾರು ವರ್ಷಗಳೊಳಗೆ ಬರೆದವರು.

ಹಗಲು ಬೆಳಕು, ಬರಿಯ ಹಲಗೆ

ಶೋರ್‌ಡಿಚ್‌ನ ಜಾಗದ ಗುತ್ತಿಗೆ ಮುಗಿದು ಜಮೀನಿನ ಒಡೆಯನೊಂದಿಗೆ ತಕರಾರು ಎದ್ದಾಗ, 1598ರ ಡಿಸೆಂಬರ್ ಕೊನೆಯಲ್ಲಿ ಬರ್ಬೇಜ್ ಮಕ್ಕಳು ಆ ಕಟ್ಟಡವನ್ನು ಬಿಚ್ಚಿಸಿದರು. ಅದರ ಮರಮುಟ್ಟು ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ 1599ರಲ್ಲಿ ‘ಗ್ಲೋಬ್’ ಆಗಿ ಮತ್ತೆ ಎದ್ದಿತು. ಗ್ಲೋಬ್‌ನ ಅಳತೆಯ ದಾಖಲೆ ಉಳಿದಿಲ್ಲ. ಆದರೆ ಅದನ್ನು ಕಟ್ಟಿದ ಬಡಗಿ ಪೀಟರ್ ಸ್ಟ್ರೀಟ್‌ಗೇ 1600ರಲ್ಲಿ ‘ಫಾರ್ಚೂನ್’ ಎಂಬ ಇನ್ನೊಂದು ನಾಟಕಶಾಲೆಯ ಗುತ್ತಿಗೆ ಸಿಕ್ಕಿತು, ಆ ಕರಾರುಪತ್ರ ಉಳಿದಿದೆ. ಹೊರಗಿನಿಂದ 80 ಅಡಿ ಚೌಕ, ಒಳ ಅಂಗಳ 55 ಅಡಿ ಚೌಕ, ರಂಗದ ಕಟ್ಟೆ 43 ಅಡಿ ಅಗಲ, ಅಂಗಳದ ನಡುಮಧ್ಯದವರೆಗೆ ಚಾಚಿರಬೇಕು ಎಂದು ಅದರಲ್ಲಿದೆ. ಅಂದರೆ ಉದ್ದ ಇಪ್ಪತ್ತೇಳೂವರೆ ಅಡಿ. ಹಲವು ವಿವರಗಳಲ್ಲಿ ಗ್ಲೋಬ್‌ನಂತೆಯೇ ಮಾಡಬೇಕು ಎಂಬ ಷರತ್ತೂ ಇದೆ.

ಈ ಅಂಕಿಗಳನ್ನು ಓದುವಾಗ ಬಳಸಿಕೊಳ್ಳಬೇಕು. ಒಂದು ಹಾಳೆಯ ಮೇಲೆ ಅಡಿಗೆ ಅರ್ಧ ಸೆಂಟಿಮೀಟರಿನಂತೆ ಇಪ್ಪತ್ತೊಂದೂವರೆ ಸೆಂ.ಮೀ. ಅಗಲ, ಹದಿನಾಲ್ಕು ಸೆಂ.ಮೀ. ಉದ್ದದ ಆಯತ ಗೀಚಿ. ಹಿಂಬದಿಯ ಗೋಡೆಯಲ್ಲಿ ಎರಡು ಬಾಗಿಲು, ನಡುವೆ ಪರದೆ ಬಿಟ್ಟ ಒಂದು ತೆರಪು, ಅದರ ಮೇಲೆ ಉಪ್ಪರಿಗೆ. ಕಟ್ಟೆಯ ಮೇಲೆ ಮಾಡು ಹೊತ್ತ ಎರಡು ಕಂಬ, ನಡುವೆ ನೆಲದಲ್ಲಿ ಒಂದು ಕಳ್ಳಬಾಗಿಲು. ಉಳಿದ ಮೂರು ಬದಿಗೂ ಪ್ರೇಕ್ಷಕರು. ಅಂಗಳದಲ್ಲಿ ನಿಲ್ಲಲು ಒಂದು ಪೆನ್ನಿ, ಗ್ಯಾಲರಿಯಲ್ಲಿ ಕೂರಲು ಇನ್ನೊಂದು, ಮೆತ್ತೆ ಬೇಕಿದ್ದರೆ ಮೂರನೆಯದು. 1599ರ ಸೆಪ್ಟೆಂಬರಿನಲ್ಲಿ ಜೂಲಿಯಸ್ ಸೀಸರ್ ನೋಡಿದ ಸ್ವಿಸ್ ಪ್ರವಾಸಿ ಥಾಮಸ್ ಪ್ಲಾಟರ್ ಹೀಗೆ ಬರೆದಿಟ್ಟಿದ್ದಾನೆ. ಆಟ ಶುರುವಾಗುತ್ತಿದ್ದದ್ದು ಮಧ್ಯಾಹ್ನ ಎರಡರ ಸುಮಾರಿಗೆ.

ಈಗ ಆ ಹಾಳೆಯ ಮೇಲೆ ನಾಣ್ಯಗಳನ್ನು ಪಾತ್ರಗಳೆಂದು ಇಟ್ಟು ಹ್ಯಾಮ್ಲೆಟ್‌ನ ಮೊದಲ ಪುಟ ಓದಿ. ಮಧ್ಯಾಹ್ನದ ಬಿಸಿಲು, ಎದುರಿಗೆ ಎರಡು ಮೂರು ಸಾವಿರ ಜನ, ಆದರೆ ಕಾವಲುಗಾರನಿಗೆ ಎದುರಿನವನ ಮುಖ ಕಾಣುತ್ತಿಲ್ಲ. ‘ಯಾರಲ್ಲಿ?’ ಎಂದು ಕೇಳುವವನು ಕಾವಲಿನಲ್ಲಿರುವ ಫ್ರಾನ್ಸಿಸ್ಕೋ ಅಲ್ಲ, ಆಗಷ್ಟೇ ಬಂದ ಬರ್ನಾರ್ಡೋ. ಪ್ರಶ್ನೆ ತಿರುವುಮುರುವಾಗಿರುವುದರಿಂದಲೇ ಕತ್ತಲೂ ಭಯವೂ ಒಂದೇ ಸಾಲಿನಲ್ಲಿ ಹುಟ್ಟುತ್ತವೆ. ಬೆನ್ನಿಗೇ ಹನ್ನೆರಡು ಹೊಡೆಯಿತು ಎಂಬ ಮಾತು, ಕೊರೆಯುವ ಚಳಿಯ ಮಾತು. ದೀಪ, ಗಡಿಯಾರ, ಮಂಜು ಇವೆಲ್ಲದರ ಕೆಲಸವನ್ನು ಏಳೆಂಟು ಸಾಲು ಮಾತು ಮಾಡಿಬಿಡುತ್ತದೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದಲ್ಲ, ಖಾಲಿ ರಂಗಸ್ಥಳದಲ್ಲಿ ಕಾಡೂ ಅರಮನೆಯೂ ಮಾತಿನಿಂದಲೇ ಎದ್ದು ನಿಲ್ಲುವುದನ್ನು ಅವರು ಬಲ್ಲರು.

ಇಂದಿನ ಪುಸ್ತಕಗಳಲ್ಲಿ ದೃಶ್ಯದ ತಲೆಯ ಮೇಲೆ ‘ಕಾಡಿನ ಇನ್ನೊಂದು ಭಾಗ’, ‘ಅರಮನೆಯ ಒಂದು ಕೋಣೆ’ ಎಂದೇನಾದರೂ ಇದ್ದರೆ ಅದನ್ನು ಪೆನ್ಸಿಲಿನಿಂದ ಹೊಡೆದುಹಾಕಿ. ಅವು ನಾಟಕಕಾರನವಲ್ಲ. 1709ರಲ್ಲಿ ನಿಕೊಲಸ್ ರೋ ಶೇಕ್ಸ್‌ಪಿಯರ್ ಕೃತಿಗಳನ್ನು ಸಂಪಾದಿಸಿದಾಗ ಮತ್ತು ಅವನ ನಂತರದ ಸಂಪಾದಕರ ಕೈಯಲ್ಲಿ ಅವು ಸೇರಿಕೊಂಡವು. ಅವರ ಕಣ್ಣೆದುರು ಇದ್ದದ್ದು ಚಿತ್ರಿಸಿದ ಪರದೆಗಳ ರಂಗ. ಮೂಲ ರಂಗದಲ್ಲಿ ಒಬ್ಬರು ಒಂದು ಬಾಗಿಲಿನಿಂದ ಹೋದರೆ ಇನ್ನೊಬ್ಬರು ಮತ್ತೊಂದರಿಂದ ಬರುತ್ತಿದ್ದರು. ಸ್ಥಳ ಯಾವುದೆಂದು ಮಾತು ಹೇಳದಿದ್ದರೆ ಅದು ಗೊತ್ತಾಗಬೇಕಾದ ಅಗತ್ಯವೇ ಇರಲಿಲ್ಲ.

ಅಳತೆಯಿಂದ ಇನ್ನೊಂದು ಲಾಭವಿದೆ. ಹಿಂಬಾಗಿಲಿನಿಂದ ಕಟ್ಟೆಯ ಮುಂದಿನ ಅಂಚಿಗೆ ಬರಲು ನಟನಿಗೆ ಆರೇಳು ಸೆಕೆಂಡು ಬೇಕು. ಪದ್ಯದ ಒಂದು ಸಾಲಿಗೆ ಮೂರೂವರೆ ಸೆಕೆಂಡಿನಷ್ಟು ಹಿಡಿಯುತ್ತದೆ. ‘ಅಗೋ ಅವನು ಬರುತ್ತಿದ್ದಾನೆ’ ಎಂದು ಆರಂಭವಾಗಿ ಎರಡು ಸಾಲು ನಡೆಯುವ ಮಾತುಗಳು ಈ ನಾಟಕಗಳಲ್ಲಿ ಮತ್ತೆ ಮತ್ತೆ ಬರುವುದು ಇದಕ್ಕಾಗಿ. ಅವನ್ನು ಸುಮ್ಮನೆ ಹೆಚ್ಚಿನ ಮಾತೆಂದುಕೊಂಡರೆ ತಪ್ಪು. ಬಂದವನು ಏನೂ ಆಡದೆ ನಡೆದು ಬರುವ ಹೊತ್ತು ಅದು, ಅವನನ್ನು ನೋಡಲು ಪ್ರೇಕ್ಷಕರಿಗೆ ಕೊಟ್ಟ ಹೊತ್ತು ಕೂಡ.

ನಟನ ಕೈಗೆ ಬಂದದ್ದು

ರೋಸ್ ನಾಟಕಶಾಲೆಯ ಫಿಲಿಪ್ ಹೆನ್ಸ್‌ಲೋ ಬರೆದಿಟ್ಟ ಲೆಕ್ಕದ ಪುಸ್ತಕ ಉಳಿದಿದೆ. ಅದನ್ನು ನೋಡಿದರೆ ಅಲ್ಲಿನ ತಂಡ ಇಂದು ಆಡಿದ ನಾಟಕವನ್ನು ನಾಳೆ ಆಡುತ್ತಿರಲಿಲ್ಲ, ವಾರದ ಆರು ದಿನಕ್ಕೆ ಆರು ಬೇರೆ ನಾಟಕ ಬರುವುದೂ ಇತ್ತು. ಎರಡು ವಾರಕ್ಕೊಂದರಂತೆ ಹೊಸತೂ ಸೇರುತ್ತಿತ್ತು. ಒಟ್ಟಿಗೆ ಕಲೆತು ತಿಂಗಳುಗಟ್ಟಲೆ ತಾಲೀಮು ಮಾಡಲು ಪುರಸೊತ್ತೇ ಇಲ್ಲ. ಇಡೀ ನಾಟಕದ ಪ್ರತಿಯನ್ನು ಎಲ್ಲರಿಗೂ ಬರೆದುಕೊಡುವುದು ದುಬಾರಿ, ಪ್ರತಿ ಕಳುವಾಗುವ ಭಯ ಬೇರೆ. ಆದ್ದರಿಂದ ಪ್ರತಿ ನಟನಿಗೂ ಅವನ ಮಾತುಗಳನ್ನಷ್ಟೇ ಬರೆದು, ಪ್ರತಿ ಮಾತಿನ ಮೊದಲು ಎದುರಿನವನ ಮಾತಿನ ಕೊನೆಯ ಒಂದೆರಡು ಮೂರು ಪದಗಳನ್ನು ಮಾತ್ರ ಕ್ಯೂ ಆಗಿ ಕೊಡುತ್ತಿದ್ದರು. ಎಡ್ವರ್ಡ್ ಅಲೆನ್ ಎಂಬ ದೊಡ್ಡ ನಟ ‘ಒರ್ಲ್ಯಾಂಡೊ ಫ್ಯೂರಿಯೊಸೊ’ ನಾಟಕದ ಒರ್ಲ್ಯಾಂಡೊ ಪಾತ್ರಕ್ಕೆ ಬಳಸಿದ ಅಂಥ ಕೈಬರಹ ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಇಂದಿಗೂ ಇದೆ. ಉದ್ದನೆಯ ಒಂದು ಗೆರೆ, ಅದರ ತುದಿಯಲ್ಲಿ ಕ್ಯೂ ಪದಗಳು, ಕೆಳಗೆ ಅವನ ಮಾತು.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು, ಅರ್ಧ ಗಂಟೆಯ ಕೆಲಸ. ಮ್ಯಾಕ್‌ಬೆತ್‌ನ ಎರಡನೆಯ ಅಂಕದ ಎರಡನೆಯ ದೃಶ್ಯ ತೆಗೆದುಕೊಳ್ಳಿ. ಕೊಲೆ ಆಗಷ್ಟೇ ನಡೆದಿದೆ, ರಂಗದಲ್ಲಿ ಗಂಡ ಹೆಂಡತಿ ಇಬ್ಬರೇ. ಒಂದು ಹಾಳೆಯಲ್ಲಿ ಮ್ಯಾಕ್‌ಬೆತ್‌ನ ಮಾತು, ಇನ್ನೊಂದರಲ್ಲಿ ಅವನ ಹೆಂಡತಿಯದು, ಪ್ರತಿ ಮಾತಿಗೂ ಕೊನೆಯ ಮೂರು ಪದಗಳ ಕ್ಯೂ. ಮುಂದೆ ಏನೆಂದು ತಿಳಿಯದ ಗೆಳೆಯರಿಬ್ಬರ ಕೈಗೆ ಕೊಟ್ಟು ಓದಿಸಿ. ತನ್ನ ಸರದಿ ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದ ಇಬ್ಬರೂ ಒಬ್ಬರ ಮಾತನ್ನೊಬ್ಬರು ಕಿವಿಗೊಟ್ಟು ಕೇಳಲೇಬೇಕಾಗುತ್ತದೆ. ಆ ದೃಶ್ಯಕ್ಕೆ ಬೇಕಾದ ದಿಗಿಲು ತಾನಾಗಿಯೇ ಬರುತ್ತದೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಕ್ಯೂ ಜೊತೆಗೆ ಅದನ್ನು ಯಾರು ಹೇಳುತ್ತಾರೆಂದೂ ಬರೆಯುವುದು. ಹೆಸರು ಬರೆದರೆ ಪ್ರಯೋಗ ಸಪ್ಪೆಯಾಗುತ್ತದೆ.

ಪಾತ್ರಗಳನ್ನು ಹೀಗೆ ಬಿಡಿಸಿ ಬರೆಯುತ್ತಾರೆಂದು ನಾಟಕಕಾರನಿಗೆ ಗೊತ್ತಿತ್ತು. ದ ಮರ್ಚೆಂಟ್ ಆಫ್ ವೆನಿಸ್‌ನ ಮೂರನೆಯ ಅಂಕದ ಮೂರನೆಯ ದೃಶ್ಯದಲ್ಲಿ ಶೈಲಾಕ್ ‘ನನ್ನ ಕರಾರು ನನಗೆ ಬೇಕು’ ಎಂಬುದನ್ನು ಹಲವು ಸಲ ಹೇಳುತ್ತಾನೆ, ಅವನು ಹೊರಟುಹೋಗುವಾಗಿನ ಕೊನೆಯ ಪದಗಳೂ ಅವೇ. ಅವನ ನಂತರ ಬಾಯಿ ತೆರೆಯಬೇಕಾದವನ ಹಾಳೆಯಲ್ಲಿ ಆ ಪದಗಳೇ ಕ್ಯೂ. ಪ್ರತಿ ಸಲ ಅವು ಕಿವಿಗೆ ಬಿದ್ದಾಗಲೂ ಅವನು ಮಾತಿಗೆ ಹೊರಡಬಹುದು, ಶೈಲಾಕ್ ಅವನನ್ನು ಮೆಟ್ಟಿ ಮುಂದುವರಿಯಬೇಕಾಗುತ್ತದೆ. ‘ಮಾತಾಡಬೇಡ’ ಎಂದು ಅದೇ ಮಾತಿನಲ್ಲಿ ಶೈಲಾಕ್ ಪದೇ ಪದೇ ಹೇಳುವುದನ್ನು ಇದರ ಜೊತೆ ಇಟ್ಟು ನೋಡಿದರೆ, ಗದ್ದಲವನ್ನು ಬರವಣಿಗೆಯಲ್ಲೇ ಹೂಡಿಟ್ಟಿದ್ದಾರೆಂದು ಕೆಲವು ವಿದ್ವಾಂಸರು ಹೇಳುವುದು ನಂಬುವಂತಿದೆ.

ಮೌನವೂ ಹೀಗೆಯೇ ಬರವಣಿಗೆಯ ಭಾಗ. ಮೆಷರ್ ಫಾರ್ ಮೆಷರ್‌ನ ಕೊನೆಯಲ್ಲಿ ಡ್ಯೂಕ್ ಇಸಬೆಲ್ಲಾಳನ್ನು ಮದುವೆಯಾಗೆಂದು ಕೇಳುತ್ತಾನೆ, ಅವಳ ಉತ್ತರ ಪಠ್ಯದಲ್ಲಿ ಇಲ್ಲವೇ ಇಲ್ಲ. ಹ್ಯಾಮ್ಲೆಟ್‌ನ ಎರಡನೆಯ ದೃಶ್ಯದಲ್ಲಿ ರಾಜಕುಮಾರ ಅರವತ್ತಕ್ಕೂ ಹೆಚ್ಚು ಸಾಲು ಸುಮ್ಮನೆ ನಿಂತಿದ್ದು ಆಮೇಲೆ ಬಾಯಿ ತೆರೆಯುತ್ತಾನೆ. ಪುಸ್ತಕದಲ್ಲಿ ಮಾತಿಲ್ಲದವನು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದಲೇ ಹಾಳೆಯ ಮೇಲಿನ ನಾಣ್ಯಗಳನ್ನು ಪಾತ್ರ ನಿರ್ಗಮಿಸುವವರೆಗೆ ತೆಗೆಯಬಾರದು.

ಸಾಲಿನ ಲೆಕ್ಕ

ಕನ್ನಡದ ಕಿವಿಗೆ ಛಂದಸ್ಸೆಂದರೆ ಮಾತ್ರೆ, ಅಂದರೆ ಉಚ್ಚಾರಕ್ಕೆ ಹಿಡಿಯುವ ಕಾಲ. ಇಂಗ್ಲಿಷ್ ಪದ್ಯದ ಆಧಾರ ಒತ್ತು. ಈ ನಾಟಕಗಳ ಮುಖ್ಯ ಸಾಲಿನಲ್ಲಿ ಹತ್ತು ಉಚ್ಚಾರಗಳು (ಸಿಲೆಬಲ್): ಒಂದು ಹಗುರ, ಒಂದು ಒತ್ತು, ಹೀಗೆ ಐದು ಜೋಡಿ. ಅಂತ್ಯಪ್ರಾಸ ಇಲ್ಲ. ‘ಬಟ್ ಸಾಫ್ಟ್, ವಾಟ್ ಲೈಟ್ ಥ್ರೂ ಯಾನ್‌ಡರ್ ವಿಂಡೋ ಬ್ರೇಕ್ಸ್’ ಎಂಬ ರೋಮಿಯೋನ ಸಾಲಿನಲ್ಲಿ ಸಾಫ್ಟ್, ಲೈಟ್, ಯಾನ್, ವಿನ್, ಬ್ರೇಕ್ಸ್ ಇವುಗಳ ಮೇಲೆ ಒತ್ತು. ಇದನ್ನು ಗುರು ಲಘು ಹಾಕಿ ಅಳೆಯಲು ಹೋದರೆ ಲೆಕ್ಕ ಕೂಡುವುದಿಲ್ಲ. ಮೇಜಿನ ಮೇಲೆ ಬೆರಳಿನಿಂದ ಐದು ಸಲ ತಟ್ಟಿ ಓದಿದರೆ ಕೂಡುತ್ತದೆ. ಕನ್ನಡದಲ್ಲಿ ಇದಕ್ಕೆ ಸಮನಾಗಿ ನಿಂತದ್ದು ಸರಳ ರಗಳೆ: ಐದು ಮಾತ್ರೆಯ ನಾಲ್ಕು ಗಣ, ಪ್ರಾಸದ ಕಟ್ಟಿಲ್ಲ, ಅರ್ಥ ಸಾಲಿನಿಂದ ಸಾಲಿಗೆ ಹರಿಯಬಹುದು. ಕುವೆಂಪು ಹ್ಯಾಮ್ಲೆಟನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದಾಗ ಈ ಛಂದಸ್ಸು ಅವರ ಕೈಯಲ್ಲಿತ್ತು. ಅದರ ಒಂದು ಪುಟವನ್ನು ಗಟ್ಟಿಯಾಗಿ ಓದಿದರೆ ಸಾಲಿನ ಕೊನೆಯಲ್ಲಿ ನಿಲ್ಲದೆ ದಾಟಿ ಹೋಗುವುದು ನಾಲಿಗೆಗೆ ರೂಢಿಯಾಗುತ್ತದೆ. ಇಂಗ್ಲಿಷ್ ಸಾಲುಗಳನ್ನೂ ಹಾಗೆಯೇ ದಾಟಬೇಕು. ಸಾಲು ಮುಗಿದಲ್ಲೆಲ್ಲ ಉಸಿರು ಬಿಟ್ಟರೆ ವಾಕ್ಯ ಚೂರುಚೂರಾಗುತ್ತದೆ, ‘ಅರ್ಥವಾಗಲಿಲ್ಲ’ ಎಂಬ ದೂರು ಅರ್ಧ ಹುಟ್ಟುವುದೇ ಇಲ್ಲಿ.

ಲೆಕ್ಕ ತಪ್ಪುವ ಜಾಗಗಳೇ ಹೆಚ್ಚು ಹೇಳುತ್ತವೆ. ‘ಟು ಬೀ ಆರ್ ನಾಟ್ ಟು ಬೀ’ ಎಂದು ಶುರುವಾಗುವ ಸಾಲಿಗೆ ಹನ್ನೊಂದು ಉಚ್ಚಾರ, ಕೊನೆಯದು ಹಗುರ. ಸಾಲು ನೆಲೆ ನಿಲ್ಲದೆ ತೂಗುತ್ತದೆ. ಅದರ ಹಿಂದೆಯೇ ಬರುವ ಮೂರು ಸಾಲುಗಳೂ ಹಾಗೆಯೇ ಮುಗಿಯುತ್ತವೆ. ಮ್ಯಾಕ್‌ಬೆತ್‌ನ ಮೇಲೆ ಹೇಳಿದ ದೃಶ್ಯದಲ್ಲಿ ‘ನೀವು ಮಾತಾಡಿದಿರಲ್ಲವೆ?’ ‘ಯಾವಾಗ?’ ‘ಈಗ.’ ‘ನಾನು ಇಳಿದು ಬರುವಾಗಲೆ?’ ಎಂಬ ನಾಲ್ಕು ಮಾತುಗಳ ಇಂಗ್ಲಿಷ್ ಉಚ್ಚಾರಗಳನ್ನು ಕೂಡಿಸಿ: ನಾಲ್ಕು, ಒಂದು, ಒಂದು, ಐದು. ನಾಲ್ಕೂ ಸೇರಿ ಒಂದೇ ಸಾಲು. ಇಬ್ಬರು ಒಂದೇ ಉಸಿರನ್ನು ಹಂಚಿಕೊಂಡಿದ್ದಾರೆ, ನಡುವೆ ಬಿಡುವು ಹಾಕಲು ಎಡೆಯಿಲ್ಲ. ಸಾಲು ಹಂಚಿಹೋದದ್ದನ್ನು ತೋರಿಸಲು ಇಂದಿನ ಪುಸ್ತಕಗಳು ಮಾತುಗಳನ್ನು ಮೆಟ್ಟಿಲಿನ ಹಾಗೆ ಬಲಕ್ಕೆ ಸರಿಸಿ ಅಚ್ಚುಹಾಕುತ್ತವೆ.

ಪದ್ಯ ಗದ್ಯವಾಗುವುದನ್ನೂ ಗಮನಿಸಬೇಕು. ಪದ್ಯದಲ್ಲಿ ಸಾಲುಗಳು ದೊಡ್ಡ ಅಕ್ಷರದಿಂದ ಆರಂಭವಾಗಿ ಅಂಚು ಮುಟ್ಟುವ ಮೊದಲೇ ನಿಲ್ಲುತ್ತವೆ, ಗದ್ಯ ಅಂಚಿನವರೆಗೂ ಓಡುತ್ತದೆ. ಅರಸರಿಗೆ ಪದ್ಯ, ಆಳುಗಳಿಗೆ ಗದ್ಯ ಎಂಬ ಗೈಡುಗಳ ಸೂತ್ರ ಅರ್ಧ ಸತ್ಯ. ಸೀಸರನ ಕೊಲೆಯಾದ ಮೇಲೆ ಜನರ ಮುಂದೆ ಬ್ರೂಟಸ್ ಗದ್ಯದಲ್ಲಿ ಮಾತಾಡಿ ಕಾರಣ ಒಪ್ಪಿಸುತ್ತಾನೆ, ಆ್ಯಂಟನಿ ಪದ್ಯದಲ್ಲಿ ಮಾತಾಡಿ ಜನರನ್ನು ಎತ್ತಿಕಟ್ಟುತ್ತಾನೆ. ಮ್ಯಾಕ್‌ಬೆತ್‌ನ ಹೆಂಡತಿ ನಾಟಕದುದ್ದಕ್ಕೂ ಪದ್ಯದಲ್ಲಿದ್ದವಳು, ನಿದ್ದೆಯಲ್ಲಿ ನಡೆಯುವಾಗ ಗದ್ಯಕ್ಕೆ ಕುಸಿಯುತ್ತಾಳೆ. ಬದಲಾದದ್ದು ಎಲ್ಲಿ, ಆ ಕ್ಷಣದಲ್ಲಿ ಏನಾಯಿತು ಎಂದು ಅಂಚಿನಲ್ಲಿ ಗುರುತು ಮಾಡಿಕೊಳ್ಳುವುದು ಸೂತ್ರಕ್ಕಿಂತ ಹೆಚ್ಚು ಉಪಯೋಗದ್ದು.

ಏಕವಚನದ ಏಟು, ಮೋಸದ ಪದಗಳು

ಕನ್ನಡಿಗರಿಗೆ ಇಲ್ಲೊಂದು ಅನುಕೂಲ ಇದೆ, ಅದನ್ನು ಬಿಟ್ಟುಕೊಡಬಾರದು. ‘ದೌ’ ಏಕವಚನ, ‘ಯು’ ಬಹುವಚನ ಅಥವಾ ಮರ್ಯಾದೆ. ಈ ಭೇದ ಇಂದಿನ ಇಂಗ್ಲಿಷಿನವರಿಗೆ ಕಿವಿಗೆ ಬೀಳುವುದಿಲ್ಲ, ನಮಗೆ ಬೀಳುತ್ತದೆ. ತಾಯಿ ಗರ್ಟ್ರೂಡ್ ಹ್ಯಾಮ್ಲೆಟನಿಗೆ ‘ನೀನು ನಿನ್ನ ತಂದೆಯ ಮನಸ್ಸು ನೋಯಿಸಿದ್ದೀ’ ಎನ್ನುತ್ತಾಳೆ. ಮಗನ ಉತ್ತರ ‘ಅಮ್ಮಾ, ನೀವು ನನ್ನ ತಂದೆಯ ಮನಸ್ಸು ನೋಯಿಸಿದ್ದೀರಿ.’ ಕೂಡಲೇ ತಾಯಿಯೂ ಮಗನಿಗೆ ಬಹುವಚನಕ್ಕೆ ಸರಿಯುತ್ತಾಳೆ: ಎರಡೇ ಮಾತಿನಲ್ಲಿ ಸಲಿಗೆ ಕಡಿದುಬಿದ್ದಿತು. ಕಿಂಗ್ ಲಿಯರ್‌ನ ಮೊದಲ ದೃಶ್ಯದಲ್ಲಿ ಕೆಂಟ್ ರಾಜನನ್ನೇ ‘ಏನು ಮಾಡಬೇಕೆಂದಿದ್ದೀಯೋ, ಮುದುಕ?’ ಎಂದು ಏಕವಚನದಲ್ಲಿ ತಡೆಯುತ್ತಾನೆ. ತುಂಬಿದ ಸಭೆಯಲ್ಲಿ ಇದು ಎಂಥ ಏಟೆಂದು ನಮಗೆ ಟಿಪ್ಪಣಿ ಓದಿ ತಿಳಿಯಬೇಕಾಗಿಲ್ಲ.

ಕಷ್ಟದ ಪದಗಳಿಗೆ ಹೆದರಬೇಕಿಲ್ಲ, ಅವಕ್ಕೆ ಪುಟದ ಕೆಳಗೆ ಅರ್ಥ ಇರುತ್ತದೆ. ಕೆಡಿಸುವುದು ಗೊತ್ತಿರುವಂತೆ ಕಾಣುವ ಪದಗಳು. ‘ವೇರ್‌ಫೋರ್’ ಅಂದರೆ ಎಲ್ಲಿ ಎಂದಲ್ಲ, ಏಕೆ ಎಂದು. ಜೂಲಿಯೆಟ್ ರೋಮಿಯೋನನ್ನು ಹುಡುಕುತ್ತಿಲ್ಲ, ನೀನು ಆ ಹೆಸರಿನವನು ಏಕಾದೆ ಎಂದು ಕೊರಗುತ್ತಿದ್ದಾಳೆ. ‘ಪ್ರೆಸೆಂಟ್ಲಿ’ ಅಂದರೆ ಈ ಕೂಡಲೇ. ‘ಲೆಟ್’ ಹಲವೆಡೆ ಬಿಡು ಎಂಬುದರ ಬದಲು ತಡೆ. ‘ಡೌಟ್’ ಹಲವು ಕಡೆ ಶಂಕಿಸು, ಅಂಜು. ‘ಫಾಂಡ್’ ಮಂಕು, ‘ಸ್ಟಿಲ್’ ಯಾವಾಗಲೂ. ಇಂಥ ಇಪ್ಪತ್ತು ಮೂವತ್ತು ಪದಗಳನ್ನು ಪುಸ್ತಕದ ಒಳರಟ್ಟಿನಲ್ಲಿ ಬರೆದಿಟ್ಟುಕೊಂಡರೆ ಬಹಳಷ್ಟು ಎಡವುವಿಕೆ ತಪ್ಪುತ್ತದೆ.

ಯಾವ ಹ್ಯಾಮ್ಲೆಟ್?

ಶೇಕ್ಸ್‌ಪಿಯರ್ ಸ್ವಂತ ಕೈಯಲ್ಲಿ ಬರೆದ ಹ್ಯಾಮ್ಲೆಟ್ ಉಳಿದಿಲ್ಲ. ಉಳಿದಿರುವುದು ಮೂರು ಮುದ್ರಣಗಳು, ಮೂರೂ ಬೇರೆ. ಕ್ವಾರ್ಟೊ ಎಂದರೆ ಹಾಳೆಯನ್ನು ಎರಡು ಸಲ ಮಡಚಿ ಮಾಡಿದ ಸಣ್ಣ ಪುಸ್ತಕ, ಸಾಮಾನ್ಯವಾಗಿ ಆರು ಪೆನ್ನಿಯದು. 1603ರ ಮೊದಲ ಕ್ವಾರ್ಟೊದಲ್ಲಿ ಸುಮಾರು 2,200 ಸಾಲು, ಅದರಲ್ಲಿ ಪ್ರಸಿದ್ಧ ಸ್ವಗತ ‘ಇರುವುದೋ ಇಲ್ಲದಿರುವುದೋ, ಹೌದು, ಅದೇ ವಿಷಯ’ ಎಂಬ ಧಾಟಿಯಲ್ಲಿದೆ. ಒಂದು ವರ್ಷದ ನಂತರ ಬಂದ ಎರಡನೆಯ ಕ್ವಾರ್ಟೊದಲ್ಲಿ ಸುಮಾರು 3,800 ಸಾಲು. ಮೂರನೆಯದು 1623ರ ಫೋಲಿಯೋ. ಶೇಕ್ಸ್‌ಪಿಯರ್ ತೀರಿಕೊಂಡ ಏಳು ವರ್ಷಕ್ಕೆ ಅವನ ತಂಡದ ಹೆಮಿಂಜ್ ಮತ್ತು ಕಾಂಡೆಲ್ ಕೂಡಿಸಿದ ದೊಡ್ಡ ಸಂಪುಟ ಅದು, 36 ನಾಟಕಗಳು. ಅವುಗಳಲ್ಲಿ ಅರ್ಧದಷ್ಟು ಅದಕ್ಕೆ ಮೊದಲು ಅಚ್ಚಾಗಿರಲೇ ಇಲ್ಲ, ಮ್ಯಾಕ್‌ಬೆತ್ ಕೂಡ. ಆ ಇಬ್ಬರು ನಟರು ಕೈಹಾಕದಿದ್ದರೆ ಇಂದು ನಮಗೆ ಮ್ಯಾಕ್‌ಬೆತ್ ಇರುತ್ತಿರಲಿಲ್ಲ ಎಂಬುದನ್ನು ನೆನೆದರೆ ಅವರ ಬಗ್ಗೆ ಕೃತಜ್ಞತೆ ಹುಟ್ಟದೆ ಇರದು.

ವ್ಯತ್ಯಾಸಗಳು ಬರಿಯ ಅಚ್ಚಿನ ತಪ್ಪುಗಳಲ್ಲ. ಹ್ಯಾಮ್ಲೆಟ್‌ನ ರಾಜಸಭೆಯ ಪ್ರವೇಶಸೂಚನೆ ನೋಡಿ. ಎರಡನೆಯ ಕ್ವಾರ್ಟೊದಲ್ಲಿ ಮಂತ್ರಿ ಮತ್ತು ಮಂತ್ರಿಯ ಮಗನ ನಂತರ ರಾಜಕುಮಾರನ ಹೆಸರು. ಫೋಲಿಯೋದಲ್ಲಿ ರಾಜ, ರಾಣಿ, ಬೆನ್ನಿಗೇ ಹ್ಯಾಮ್ಲೆಟ್, ಮತ್ತು ಅಲ್ಲಿ ಒಫೀಲಿಯಾ ಕೂಡ ಸಭೆಯಲ್ಲಿದ್ದಾಳೆ. ಕ್ವಾರ್ಟೊದಲ್ಲಿ ಅವಳ ಹೆಸರಿಲ್ಲ. ಕ್ವಾರ್ಟೊದಲ್ಲಿ ರಾಜಕುಮಾರ ಮೂಲೆಗೆ ಸರಿದವನು, ಫೋಲಿಯೋದಲ್ಲಿ ತನ್ನ ಸ್ಥಾನದಲ್ಲೇ ಇರುವವನು. ನಾಲ್ಕನೆಯ ಅಂಕದ ದೊಡ್ಡ ಸ್ವಗತ ಕ್ವಾರ್ಟೊದಲ್ಲಿದೆ, ಫೋಲಿಯೋದಲ್ಲಿ ಇಲ್ಲ. ಕೆಲವು ಬದಲಾವಣೆಗೆ ಕಾರಣ ಕಾನೂನು: 1606ರ ಕಾಯಿದೆ ರಂಗದ ಮೇಲೆ ದೇವರ ಹೆಸರಿನಲ್ಲಿ ಬೈಯುವುದಕ್ಕೆ ಹತ್ತು ಪೌಂಡ್ ದಂಡ ಹಾಕಿತು. ಅಥೆಲೋದ 1622ರ ಕ್ವಾರ್ಟೊದಲ್ಲಿ ಇಯಾಗೋ ಮೊದಲ ಮಾತಿಗೇ ಒಂದು ಒರಟು ಆಣೆ ಇಟ್ಟು ಬಾಯಿ ತೆರೆಯುತ್ತಾನೆ, ಫೋಲಿಯೋದಲ್ಲಿ ಆ ಆಣೆ ಮಾಯ. ಅವನ ಕೊಳಕು ಬಾಯಿ ಅವನ ಪಾತ್ರದ ತಿರುಳು, ಹಾಗಾಗಿ ಇದು ಸಣ್ಣ ನಷ್ಟವಲ್ಲ. ಮಾರ್ಲೋನ ಡಾಕ್ಟರ್ ಫಾಸ್ಟಸ್‌ಗೂ ಎರಡು ಪಠ್ಯಗಳಿವೆ. 1604ರದು ಹದಿನೈದು ನೂರು ಸಾಲಿನ ಸುಮಾರಿನದು, 1616ರದು ಎರಡು ಸಾವಿರ ದಾಟುತ್ತದೆ. ಮಾರ್ಲೋ ಸತ್ತದ್ದು 1593ರಲ್ಲಿ. 1602ರಲ್ಲಿ ಹೆನ್ಸ್‌ಲೋ ಬೇರಿಬ್ಬರಿಗೆ ನಾಲ್ಕು ಪೌಂಡ್ ಕೊಟ್ಟು ಇದಕ್ಕೆ ಸೇರ್ಪಡೆ ಬರೆಸಿದ ಲೆಕ್ಕ ಸಿಗುತ್ತದೆ.

ಹೀಗಾಗಿ ಪುಸ್ತಕ ಆರಿಸುವಾಗ ಅದು ಯಾವ ಪಠ್ಯವನ್ನು ಆಧರಿಸಿದೆ ಎಂದು ಹೇಳುವ ಆವೃತ್ತಿಯನ್ನೇ ಕೊಳ್ಳಬೇಕು. ಆರ್ಡನ್, ಆಕ್ಸ್‌ಫರ್ಡ್, ನ್ಯೂ ಕೇಂಬ್ರಿಡ್ಜ್ ಮೂರೂ ಹೇಳುತ್ತವೆ. ಫೋಲ್ಜರ್ ಗ್ರಂಥಾಲಯ ತನ್ನ ಪಠ್ಯಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಟ್ಟಿದೆ. ಚೌಕ ಕಂಸದೊಳಗಿನ ರಂಗಸೂಚನೆ ಸಾಮಾನ್ಯವಾಗಿ ಸಂಪಾದಕರು ಸೇರಿಸಿದ್ದು, ಒಪ್ಪಲೇಬೇಕೆಂದಿಲ್ಲ. ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಪಾಠಾಂತರಗಳ ಪಟ್ಟಿ ಇರುತ್ತದೆ: ಮೊದಲು ಈ ಪುಸ್ತಕ ಒಪ್ಪಿದ ರೂಪ, ಒಂದು ಬಲಕಂಸ, ಆಮೇಲೆ ಬೇರೆ ಮುದ್ರಣಗಳ ರೂಪ. ಕ್ಯು (Q) ಅಂದರೆ ಕ್ವಾರ್ಟೊ, ಎಫ್ (F) ಅಂದರೆ ಫೋಲಿಯೋ. ಪ್ರತಿ ಪುಟದಲ್ಲೂ ಇದನ್ನು ನೋಡುತ್ತ ಕೂತರೆ ಓದು ಸಾಗುವುದಿಲ್ಲ, ಒಂದು ಸಾಲು ವಿಚಿತ್ರವೆನಿಸಿದಾಗ ಮಾತ್ರ ಕಣ್ಣು ಕೆಳಗೆ ಹೋಗಲಿ. ವಿರಾಮಚಿಹ್ನೆಗಳನ್ನೂ ಅತಿಯಾಗಿ ನಂಬಬೇಡಿ. ಅವುಗಳಲ್ಲಿ ಎಷ್ಟೋ ಅಚ್ಚುಮೊಳೆ ಜೋಡಿಸಿದವನವು. ‘ನಾವು ಸೋತರೆ?’ ಎಂಬ ಮ್ಯಾಕ್‌ಬೆತ್‌ನ ಮಾತಿಗೆ ಹೆಂಡತಿಯ ‘ಸೋಲು’ ಎಂಬ ಮರುಮಾತಿನ ಮುಂದೆ ಫೋಲಿಯೋದಲ್ಲಿ ಪ್ರಶ್ನಚಿಹ್ನೆ ಇದೆ. ಆ ಕಾಲದ ಅಚ್ಚಿನಲ್ಲಿ ಆಶ್ಚರ್ಯಕ್ಕೂ ಅದೇ ಚಿಹ್ನೆ. ಹಂಗಿಸುತ್ತಿದ್ದಾಳೋ, ಬೆಚ್ಚಿದ್ದಾಳೋ, ಆದರಾಗಲಿ ಎನ್ನುತ್ತಿದ್ದಾಳೋ ನಟಿ ನಿರ್ಧರಿಸಬೇಕು. ಗಟ್ಟಿಯಾಗಿ ಓದುವವರೂ ನಿರ್ಧರಿಸಬೇಕು.

ಯಾವುದರಿಂದ ಶುರುಮಾಡುವುದು? ಹ್ಯಾಮ್ಲೆಟ್‌ನಿಂದ ಬೇಡ. ಗಂಟೆಗೆ ಸಾವಿರ ಸಾಲಿನಂತೆ ಅದು ಸುಮಾರು ನಾಲ್ಕು ಗಂಟೆ. ಮ್ಯಾಕ್‌ಬೆತ್ ಎರಡು ಸಾವಿರ ಚಿಲ್ಲರೆ ಸಾಲು, ಎರಡು ಗಂಟೆಗೆ ತುಸು ಹೆಚ್ಚಿನ ಗಟ್ಟಿ ಓದು. ಮೊದಲು ಟಿಪ್ಪಣಿ ಮುಟ್ಟದೆ ಒಂದೇ ಕೂರಿನಲ್ಲಿ ಇಡೀ ನಾಟಕ, ತಿಳಿಯದ ಕಡೆ ಪಕ್ಕದಲ್ಲೊಂದು ಗೆರೆ ಎಳೆದು ಮುಂದೆ. ಎರಡನೆಯ ಸಲ ದಿನಕ್ಕೊಂದು ಅಂಕ, ಹಾಳೆ ಮತ್ತು ನಾಣ್ಯಗಳ ಜೊತೆ, ಗೆರೆ ಎಳೆದ ಜಾಗಗಳಿಗೆ ಮಾತ್ರ ಟಿಪ್ಪಣಿ. ಗೆರೆಗಳಲ್ಲಿ ಬಹಳಷ್ಟು ತಾವಾಗಿಯೇ ಬಿಡಿಸಿಕೊಂಡಿರುತ್ತವೆ. ಅದಾದ ಮೇಲೆ ಫಾಸ್ಟಸ್‌ನ ಚಿಕ್ಕ ಪಠ್ಯ, ನಗಬೇಕೆನಿಸಿದರೆ ಟ್ವೆಲ್ಫ್ತ್ ನೈಟ್. ಅದರಲ್ಲಿ ಹುಡುಗನೊಬ್ಬ ಹೆಣ್ಣಾಗಿ, ಆ ಹೆಣ್ಣು ಗಂಡಿನ ವೇಷದಲ್ಲಿ ಬರುತ್ತಾಳೆ. ಇಂಗ್ಲೆಂಡಿನ ವೃತ್ತಿರಂಗದಲ್ಲಿ ಹೆಂಗಸರು ಪಾತ್ರ ಮಾಡತೊಡಗಿದ್ದು 1660ರ ನಂತರ ಎಂಬುದು ನೆನಪಿದ್ದರೆ ಆ ಗೊಂದಲದ ಸೊಗಸು ಇಮ್ಮಡಿ.

ಲಿಯರ್ ಆಮೇಲೆ ಬರಲಿ. ಅದಕ್ಕೂ ಎರಡು ಪಠ್ಯ, 1608ರದು ಮತ್ತು ಫೋಲಿಯೋದ್ದು. ಮೊದಲನೆಯದರ ಸುಮಾರು ಮುನ್ನೂರು ಸಾಲು ಎರಡನೆಯದರಲ್ಲಿ ಇಲ್ಲ, ಎರಡನೆಯದರ ನೂರು ಸಾಲು ಮೊದಲನೆಯದರಲ್ಲಿ ಇಲ್ಲ. ನಾಟಕದ ಕೊನೆಯ ನಾಲ್ಕು ಸಾಲನ್ನು 1608ರ ಪಠ್ಯ ಲಿಯರನ ಅಳಿಯ ಆಲ್ಬನಿಯ ಬಾಯಿಗೆ ಕೊಡುತ್ತದೆ, ಫೋಲಿಯೋ ಗ್ಲಾಸ್ಟರ್ ಎಂಬ ಸರದಾರನ ಮಗ ಎಡ್ಗರ್‌ನ ಬಾಯಿಗೆ. ಈ ರಂಗದಲ್ಲಿ ದುರಂತ ನಾಟಕದ ಕೊನೆಯ ಮಾತು ಸಾಮಾನ್ಯವಾಗಿ ಉಳಿದವರಲ್ಲಿ ಹಿರಿಯ ಸ್ಥಾನದವನದು. ಆದ್ದರಿಂದ ಆ ರಾಜ್ಯ ಇನ್ನು ಯಾರ ಕೈಗೆ ಎಂಬುದಕ್ಕೆ ಎರಡು ಪಠ್ಯಗಳಿಂದ ಎರಡು ಉತ್ತರ ಹೊರಡುತ್ತವೆ.